ಮೀನೆಣ್ಣೆ ಹಚ್ಚಿದ ಕ್ಯಾಮರಾ

ನನಗೆ ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿದ್ದು ಬಸ್ಸಿನ ಕಂಡಕ್ಟರು. ಬಸ್ರೂರಿನ ಮನೆಗಳಿಗೆ ಮೀನು ಕೊಟ್ಟು ಖಾಲಿ ಬುಟ್ಟಿ ಹಿಡಿದು ತಿರುಗಿ ಬರುತ್ತಿದ್ದೆ. ಕುಂದಾಪುರದ ಸ್ಟ್ಯಾಂಡಿನಲ್ಲಿ ನಮ್ಮ ಕೇರಿಯವರು ಯಾರೋ ಅವರ ಹತ್ತಿರ ಹೇಳಿ ಕಳಿಸಿದ್ದರು.

"ಹ್ವಾಯ್, ನಿಮ್ಮ್ ಮಗಳಿಗೆ ಹೆಣ್ ಶಿಶು ಅಂಬ್ರ್. ಇಬ್ರೂ ಆರಾಮ್ ಅಂಬ್ರ್."

ಮಗಳಿಗೆ ಮದುವೆಯಾಗಿ ಹತ್ತು ವರ್ಷ ಕಳೆದಿತ್ತು. ಬೈಂದೂರಿನ ಗಂಡನ ಮನೆಯವರು ಬಾಯಿ ಬಿಟ್ಟು ಏನೂ ಅನ್ನದಿದ್ದರೂ ಅವಳು ನಮ್ಮ ಮನೆಗೆ ಬಂದಾಗೆಲ್ಲ ತೊಟ್ಟಿಲು ಇಟ್ಟ ಅಟ್ಟದ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಅಂಥ ಮಗಳಿಗೆ ಮಗು! ನಾನು ಆ ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿದೆ. ಗುರುತಿದ್ದವರಿಗೂ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ಇಳಿಯುವಾಗ ಬುಟ್ಟಿಯನ್ನು ಬಸ್ಸಿನಲ್ಲೇ ಬಿಟ್ಟೆ. ಈಗಲೂ ಆ ಮಗುವಿನ ವಿಷಯ ತೆಗೆದರೆ ನನ್ನ ಮಾತು ನಿಲ್ಲುವುದಿಲ್ಲ. ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದಳು. ಬೆರಳುಗಳೋ ಸಿಗಡಿಯ ಹಾಗೆ ಬಾಗಿಕೊಂಡು, ಹಿಡಿದರೆ ಬಿಡುತ್ತಿರಲಿಲ್ಲ.

ಇಷ್ಟು ಸಂತೋಷದ ಕತೆಯಲ್ಲಿ ದುಃಖ ಎಲ್ಲಿಂದ ಬಂತು ಎಂದರೆ, ನನ್ನ ಗಂಡನ ಕಣ್ಣಿನಿಂದ.

ಅವರು ಹುಡುಗ ವಯಸ್ಸಿನಿಂದ ಕಡಲಿಗೆ ಹೋದವರು. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ಹೇಳುತ್ತಿದ್ದರು. ಕೆಲವು ವರ್ಷಗಳಿಂದ ನಡೆಯುವಾಗ ಬದಿಯ ಬಾಗಿಲಿಗೆ ಹೆಗಲು ತಾಗಿಸುವುದು, ತಟ್ಟೆಯ ಬದಿಗಿಟ್ಟ ಲೋಟ ಕೆಡಹುವುದು ಶುರುವಾಗಿತ್ತು. ವಯಸ್ಸಾಯಿತು ಎಂದುಕೊಂಡೆವು. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಾ ಬಂದಿದೆ ಎಂದರು ಡಾಕ್ಟರು. "ಹೋದದ್ದು ತಿರುಗಿ ಬರುವುದಿಲ್ಲ ಅಜ್ಜ. ಉಳಿದದ್ದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದೋ ನೋಡುವ" ಎಂದು ಹನಿ ಔಷಧ ಬರೆದುಕೊಟ್ಟರು.

ಅವರಿಗೆ ಎಲ್ಲವೂ ಒಂದು ಬಿದಿರಿನ ಕೊಳವೆಯ ಮೂಲಕ ಕಂಡ ಹಾಗೆ ಕಾಣುತ್ತಿತ್ತು. ಕೊಳವೆಯ ತುದಿಯಲ್ಲಿ ಎಷ್ಟು ಸಿಕ್ಕಿತೋ ಅಷ್ಟೇ, ಸುತ್ತಲೂ ಕತ್ತಲೆ. ಆಸ್ಪತ್ರೆಯಲ್ಲಿ ಮಗುವನ್ನು ತೊಡೆಯ ಮೇಲೆ ಇಟ್ಟಾಗ ತಲೆಯನ್ನು ಆಚೆ ಈಚೆ ಆಡಿಸಿ ಹುಡುಕಿದರು. ಮಗು ಒಂದು ಕಡೆ ನಿಲ್ಲುತ್ತದೆಯೇ?

"ಹೆಣೆ, ಮುಖ ಎಲ್ಲಿತ್ತ್?"

"ಕಾಣಿ, ನಿಮ್ ಎದುರಿಗೇ ಇತ್ತಲ್ದಾ."

"ಒಂದ್ ಕೆಮಿ ಕಂಡ್ತ್" ಎಂದರು. ಕೊಳವೆಗೆ ಸಿಕ್ಕಿದ ಆ ಒಂದು ಕಿವಿಯನ್ನೇ ಇನ್ನೊಮ್ಮೆ ನೋಡಿ, "ಚಂದ ಇತ್ತ್ ಕೆಮಿ" ಎಂದರು. ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅಳಿಯ ಬ್ರಹ್ಮಾವರದಿಂದ ಫೋಟೋದವನನ್ನು ಕರೆಸಿದ್ದರು. ಅವನ ಕೈಯಲ್ಲಿ ಹೊಸ ನಮೂನೆಯ ಕ್ಯಾಮರಾ. ತೆಗೆದ ಪಟ ಆ ಕೂಡಲೇ ಅದರ ಬೆನ್ನಿನ ಮೇಲೆ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಆಗ ನಮ್ಮ ಕೇರಿಯಲ್ಲಿ ಅಂಥದ್ದನ್ನು ನೋಡಿದವರು ಕಡಿಮೆ. ಅವನು ಎಲ್ಲರಿಗೂ ತೋರಿಸಿದ ಹಾಗೆ ಇವರಿಗೂ ತೋರಿಸಿದ.

"ಅಜ್ಜ, ಕಾಣಿ, ಹ್ಯಾಂಗ್ ಬಂತ್?"

ಇವರು ಮರ್ಯಾದೆಗೆ ಕೈಗೆ ತೆಗೆದುಕೊಂಡು ಕಣ್ಣಿನ ನೇರಕ್ಕೆ ಹಿಡಿದರು. ಹಿಡಿದವರು ಹಾಗೇ ನಿಂತರು.

"ಹೆಣೆ! ಬಾ ಇಲ್ಲಿ! ಕಂಡ್ತ್! ಪೂರಾ ಮುಖ ಕಂಡ್ತ್!"

ಅಂಗೈಯಷ್ಟೂ ಇಲ್ಲದ ಆ ಬೆಳಕಿನ ಚೌಕ ಅವರ ಕೊಳವೆಯೊಳಗೆ ಸರಿಯಾಗಿ ಕೂತಿತ್ತು. ಅಲ್ಲಿ ಮಗು ಅಲ್ಲಾಡುವುದಿಲ್ಲ, ಓಡುವುದಿಲ್ಲ. ಹಣೆಯಿಂದ ಗಲ್ಲದವರೆಗೆ ಒಟ್ಟಿಗೆ ಕಾಣುತ್ತಾಳೆ.

"ಮೂಗ್ ಮಾತ್ರ ನಿಂದೇ. ಚಪ್ಪಟಿ" ಎಂದರು.

"ಅಯ್ಯೋ ನಿಮ್ಮ! ಕಣ್ ಬಂದ ಕೂಡ್ಲೆ ನನ್ ಮೂಗಿಗೇ ಬಂದ್ರಿಯಾ?"

ನೆಂಟರೆಲ್ಲ ನಕ್ಕರು. ಅವರು ನಗುತ್ತಲೇ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ಫೋಟೋದವನು ಊಟಕ್ಕೆ ಕೂರುವವರೆಗೂ ಕ್ಯಾಮರಾ ತಿರುಗಿ ಕೊಡಲಿಲ್ಲ.

ಮುಂದಿನ ವಾರವೇ ದೋಣಿಯಲ್ಲಿ ತಮಗಿದ್ದ ಪಾಲನ್ನು ಜೊತೆಗಾರರಿಗೆ ಬಿಟ್ಟುಕೊಟ್ಟು ದುಡ್ಡು ತೆಗೆದುಕೊಂಡರು. ಹೇಗೂ ಇನ್ನು ಕಡಲಿಗೆ ಹೋಗುವ ಹಾಗಿಲ್ಲ, ಅಂಥ ಒಂದು ಕ್ಯಾಮರಾವಾದರೂ ಇರಲಿ ಎಂದರು. ನಾನೂ ಬೇಡವೆನ್ನಲಿಲ್ಲ. ಇಬ್ಬರೂ ಕುಂದಾಪುರದ ಅಂಗಡಿಗೆ ಹೋದೆವು. ಅಷ್ಟು ದುಡ್ಡು ಕೊಟ್ಟು ನಾವು ಯಾವತ್ತೂ ಇಷ್ಟು ಸಣ್ಣ ಸಾಮಾನು ತೆಗೆದುಕೊಂಡವರಲ್ಲ. ಇವರು ಅದನ್ನು ಕೈಯಲ್ಲಿ ತೂಗಿ ನೋಡಿದರು. ಹಗುರ ಇತ್ತು. ಅದೇ ಅವರಿಗೆ ಮೊದಲ ಅನುಮಾನ.

"ರೀಲ್ ಎಲ್ಲಿತ್ತ್ ಇದ್ರಗೆ?"

"ರೀಲ್ ಇಲ್ಲೆ ಅಜ್ಜ. ಕಾರ್ಡ್. ಕಾಣಿ, ಹೆಬ್ಬೆರಳಿನ ಉಗುರಷ್ಟ್."

"ಇದ್ರಗೆ ಶಿಶು ನಿಲ್ಲತ್ತಾ?"

"ಸಾವಿರ ಶಿಶು ನಿಲ್ಲತ್ತ್."

"ನಮ್ಗ್ ಒಂದೇ ಸಾಕ್. ಆದ್ರೆ ಅದ್ ನಿಲ್ಕ್."

ಬ್ಯಾಟರಿ ಮುಗಿದರೆ ಒಳಗಿನ ಪಟ ಹೋಗುತ್ತದೆಯೇ ಎಂದು ಕೇಳಿದರು. ಕರೆಂಟು ಹೆಚ್ಚು ಕಡಿಮೆಯಾದರೆ? ಬಿದ್ದರೆ? ಇರುವೆ ಹೊಕ್ಕರೆ? ಅಂಗಡಿಯವರು ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಕೊನೆಗೆ ಇವರು ಉಪ್ಪಿನ ಗಾಳಿ ತಾಗಿದರೆ ಎಂದು ಕೇಳಿದಾಗ ಮಾತ್ರ ಅವರು ತಡೆದರು.

"ಮನಿ ಎಲ್ಲಾಯ್ತ್ ನಿಮ್ದ್?"

"ಕಡ್ಲ್ ಬದಿಗೇ."

"ಉಪ್ಪ್ ಗಾಳಿ ಇದಕ್ ಆತಿಲ್ಲೆ ಅಜ್ಜ. ಜಾಗ್ರತಿ ಮಾಡ್ಕ್. ಕಂಪನಿ ಗ್ಯಾರಂಟಿ ಒಂದ್ ವರ್ಷ."

"ನನ್ ಕಣ್ಣಿಗೆ ಡಾಕ್ಟ್ರ್ ಅಷ್ಟೂ ಕೊಡ್ಲಿಲ್ಲೆ ಮಾರಾಯ" ಎಂದರು ಇವರು. "ಕಟ್ಟಿ ಕೊಡ್."

ಕೇರಿಯಲ್ಲಿ ನಗೆಯೋ ನಗೆ. ದೋಣಿಯ ಹಳೆಯ ಜೊತೆಗಾರರೊಬ್ಬರು ಜಗಲಿಗೆ ಬಂದು ಕೂತು ಕೆಣಕಿದರು. "ಹ್ವಾಯ್, ಪಾಲ್ ಬಿಟ್ಟ್ ಎಂತ ಆಟದ ಸಾಮಾನ್ ತಂದ್ರಿ?"

"ಆಟದ್ದಲ್ಲ. ನನ್ ಕಣ್ಣ್."

"ಹಂಗಾರೆ ಇನ್ ಕಣ್ಣಿಗೂ ಬ್ಯಾಟ್ರಿ ಹಾಕ್ಕಾ?"

"ಹೌದ್. ನಿಮ್ ಬಾಯಿಗ್ ಹಾಕಿದ್ದ್ ಮಾತ್ರ ಖಾಲಿ ಆಪುದೇ ಇಲ್ಲೆ ಕಾಣಿ."

ಆ ಬೇಸಿಗೆ ನನ್ನ ಮನೆಯಲ್ಲಿ ಸ್ವರ್ಗ ಇತ್ತು ಎಂದೇ ಹೇಳಬೇಕು. ಬಾಣಂತಿ ಮಗಳು ಒಳಕೋಣೆಯಲ್ಲಿ, ಎಣ್ಣೆ ನೀರು ಮಾಡಿಸಿಕೊಂಡು ಕೆಂಪಗಾದ ಮಗು ತೊಟ್ಟಿಲಲ್ಲಿ, ಬದಿಯಲ್ಲಿ ಕ್ಯಾಮರಾ ಹಿಡಿದ ಅಜ್ಜ. ಮಗು ಆಕಳಿಸಿದರೆ ಪಟ. ಮುಷ್ಟಿ ಬಾಯಿಗೆ ಹಾಕಿದರೆ ಪಟ. ಗುಂಡಿ ಒತ್ತಿದ ಮೇಲೆ ಅದನ್ನು ಕಣ್ಣಿನ ನೇರಕ್ಕೆ ತಂದು, ಕೊಳವೆಯೊಳಗೆ ಕೂರಿಸಿ, ಮೊಮ್ಮಗಳನ್ನು ನೋಡುತ್ತಿದ್ದರು. ಎದುರಿಗೇ ಮಲಗಿದ್ದವಳನ್ನು ಹೀಗೆ ಕ್ಯಾಮರಾದೊಳಗೆ ನೋಡಿ, "ನಗ್ಯಾಡ್ತಿದ್ಲ್ ಹೆಣೆ, ನಗ್ಯಾಡ್ತಿದ್ಲ್!" ಎಂದು ಕೂಗಿ ಹೇಳುತ್ತಿದ್ದರು. ಅಷ್ಟರಲ್ಲಿ ಅವಳು ಅಳಲು ಶುರು ಮಾಡಿರುತ್ತಿದ್ದಳು. ನಾನು ಮತ್ತು ಮಗಳು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದೆವು.

ಆದರೆ ಅನುಮಾನ ಅವರನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕ್ಯಾಮರಾ ತೆಗೆದು, ಹಿಂದಿನ ದಿನದ ಪಟ ಅಲ್ಲೇ ಇದೆಯೋ ಎಂದು ನೋಡಬೇಕು. ಇಟ್ಟ ಬಲೆ ಇದ್ದಲ್ಲೇ ಇದೆಯೋ ಎಂದು ಬೆಳಗಾಗುವ ಮೊದಲೇ ಕಡಲಿಗೆ ಹೋಗಿ ನೋಡಿದವರಲ್ಲವೇ. ರೀಲಾದರೆ ಕೈಗೆ ಸಿಗುತ್ತದೆ, ಇದು ಬರೀ ಬೆಳಕು, ಬೆಳಕನ್ನು ನಂಬುವುದು ಹೇಗೆ ಎನ್ನುತ್ತಿದ್ದರು. ಪಡುವಣ ಬದಿಯ ಕಿಟಕಿ ಮುಚ್ಚಿಸಿದರು. ಸೆಕೆಗೆ ಮಗು ಬೆವರುತ್ತಾಳೆಂದು ಮಗಳು ಗೊಣಗಿದರೆ, ತೊಟ್ಟಿಲನ್ನು ಮೂಡಣ ಕೋಣೆಗೆ ಸಾಗಿಸಿದರೇ ಹೊರತು ಕಿಟಕಿ ತೆಗೆಯಲು ಬಿಡಲಿಲ್ಲ. ನಮ್ಮ ಮನೆಯ ಉಪ್ಪಿನ ಗಾಳಿ ಎಂಥದ್ದೆಂದು ಅವರಿಗೆ ಗೊತ್ತಿತ್ತು. ಬಾಗಿಲಿನ ಕೊಂಡಿ ಎರಡು ಮಳೆಗಾಲದಲ್ಲಿ ತುಕ್ಕು ತಿಂದು ಪುಡಿಯಾಗುತ್ತದೆ.

ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ದೋಣಿಗಳನ್ನು ಮೇಲೆ ಎಳೆದು, ತೊಳೆದು ಒಣಗಿಸಿ, ಮೀನೆಣ್ಣೆ ಬಳಿಯುತ್ತಾರೆ. ಬೈಗೆ ಮೀನನ್ನು ಕುದಿಸಿ ತೆಗೆದ ಎಣ್ಣೆ. ಅದನ್ನು ಕುಡಿದ ಮರಕ್ಕೆ ಉಪ್ಪು ಹಿಡಿಯುವುದಿಲ್ಲ, ನೀರು ಇಳಿಯುವುದಿಲ್ಲ. ಇವರು ಅದನ್ನು ಎಷ್ಟು ಮಳೆಗಾಲ ಮಾಡಿದ್ದಾರೋ. ಆ ವರ್ಷ ಪಾಲು ಬಿಟ್ಟಿದ್ದರೂ ದೋಣಿಯ ಹತ್ತಿರ ಹೋಗಿ, ಮುಟ್ಟಿ ಮುಟ್ಟಿ ನೋಡಿ, ಒಂದು ಗಿಂಡಿಯಲ್ಲಿ ಎಣ್ಣೆ ತಂದರು. ನಾನು ಕೊಟ್ಟಿಗೆಯ ಬಾಗಿಲಿಗೋ ಬೀಗಕ್ಕೋ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ವಾಸನೆ ಬಂತು. ಹೋಗಿ ನೋಡಿದರೆ ಚಾಪೆಯ ಮೇಲೆ ಕೂತು, ಹತ್ತಿಯನ್ನು ಬೆರಳಿಗೆ ಸುತ್ತಿ, ಕ್ಯಾಮರಾಕ್ಕೆ ಹಚ್ಚುತ್ತಿದ್ದರು. ಮಗುವಿನ ನೆತ್ತಿಗೆ ಎಣ್ಣೆ ಇಡುವವರ ಹಾಗೆ.

"ಹ್ವಾಯ್, ಎಂತ ಮಾಡ್ತಿದ್ರಿ?"

"ಮಳಿ ಬಂತಲ್ದಾ. ಉಪ್ಪ್ ಹಿಡಿಯದಂಗೆ ಮಾಡ್ತೆ."

"ಅದಕ್ ಎಣ್ಣಿ ಆತ್ತಾ?"

"ಕಡ್ಲಿನ್ ಮಧ್ಯ ನಿಂತ ದೋಣಿಗೇ ಆತ್ತಲ್ದಾ. ಬಟ್ಟಿಯಾಗ್ ಸೋಸಿದ್ದೆ. ಒಂದ್ ಕಸ ಇಲ್ಲೆ."

ನನಗೂ ಅದು ಸರಿಯೆಂದೇ ಕಂಡಿತು. ನಮ್ಮ ಮನೆಯಲ್ಲಿ ಕತ್ತಿಗೆ ಆ ಎಣ್ಣೆ, ಕೊಂಡಿಗೆ ಆ ಎಣ್ಣೆ. ಅದು ಹಾಳು ಮಾಡಿದ ಒಂದು ವಸ್ತುವನ್ನೂ ನಾವು ಕಂಡವರಲ್ಲ. ಗುಂಡಿ ಒತ್ತಿದರೆ ಕ್ಯಾಮರಾ ಆಮೆಯ ಹಾಗೆ ಕುತ್ತಿಗೆ ಹೊರಗೆ ಹಾಕುತ್ತಿತ್ತು. ಗಾಳಿ ಹೊಗುವುದು ಅಲ್ಲಿಂದಲೇ ಎಂದು, ಕುತ್ತಿಗೆ ಹೊರಗೆ ತೆಗೆಸಿ, ಅದರ ಸಂದಿಗೆ ಸುತ್ತಲೂ ಹನಿ ಬಿಟ್ಟರು. ಬಟ್ಟೆಯಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟು, ಈಗ ನೆಮ್ಮದಿ ಎಂದರು.

ಮರುದಿನ ಬೆಳಿಗ್ಗೆ ಮಗು ಮೊದಲ ಸಲ ಮಗುಚಿ ಬಿದ್ದಳು. ನಾನು ಕೂಗಿದೆ, ಅವರು ಕ್ಯಾಮರಾ ಹಿಡಿದು ಓಡಿ ಬಂದರು. ಗುಂಡಿ ಒತ್ತಿದರು. ಕುತ್ತಿಗೆ ಅರ್ಧ ಹೊರಗೆ ಬಂದು ನಿಂತಿತು. ಕುಂಯ್ ಎಂದಿತು. ಏನೋ ಇಂಗ್ಲಿಷಿನಲ್ಲಿ ಬರೆದು ತೋರಿಸಿ ಆರಿಹೋಯಿತು. ಮತ್ತೆ ಒತ್ತಿದರು, ಮತ್ತೆ ಆರಿತು. ಮಗು ಹೊಟ್ಟೆಯ ಮೇಲೆ ಮಲಗಿ, ತಲೆ ಎತ್ತಿ, ಅಜ್ಜನನ್ನೇ ನೋಡಿ ನಗುತ್ತಿದ್ದಳು. ಅವರು ಆರಿದ ಕ್ಯಾಮರಾವನ್ನು ಕಣ್ಣಿಗೆ ಹಿಡಿದು ನಿಂತೇ ಇದ್ದರು.

ಕುಂದಾಪುರದ ಅಂಗಡಿಯವರು ನಾವು ಒಯ್ದ ಪೊಟ್ಟಣ ಬಿಚ್ಚಿದ ಕೂಡಲೇ ಮೂಗು ಸೊಟ್ಟ ಮಾಡಿದರು.

"ಇದ್ ಎಂತ ವಾಸ್ನಿ ಅಜ್ಜ?"

"ಬೈಗಿ ಎಣ್ಣಿ. ಒಳ್ಳೇದ್. ಉಪ್ಪ್ ಗಾಳಿ ಆತಿಲ್ಲೆ ಅಂದ್ರಿಯಲ್ದಾ ನೀವ್?"

ಒಳಗಿದ್ದ ಕೆಲಸದವರು ನಕ್ಕು ಹಿಂದೆ ಹೋದರು. ಅಂಗಡಿಯವರು ನಗಲಿಲ್ಲ. ತಾನು ಹೇಳಿದ ಮಾತು ಹೀಗಾಯಿತಲ್ಲ ಎಂದು ಅವರಿಗೂ ಅನಿಸಿರಬೇಕು. ಎಣ್ಣೆ ಒಳಗೆ ಇಳಿದು ಅಂಟಾಗಿದೆ, ಇದಕ್ಕೆ ಗ್ಯಾರಂಟಿ ಬರುವುದಿಲ್ಲ, ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸಬೇಕು ಎಂದರು. ಕಾರ್ಡಿನಲ್ಲಿದ್ದ ಪಟಗಳಿಗೆ ಏನೂ ಆಗಿರಲಿಲ್ಲ.

"ಎಷ್ಟ್ ದಿನ ಆತ್ತ್?" ಇವರು ಕೇಳಿದರು.

"ಹೇಳೂಕಾತಿಲ್ಲೆ ಅಜ್ಜ."

"ನಂಗೂ ಹೇಳೂಕಾತಿಲ್ಲೆ" ಎಂದರು. ಆ ಮಾತು ಅಂಗಡಿಯವರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

ಅಂಗಡಿಯವರು ಕೆಲವು ಪಟಗಳನ್ನು ಕಾಗದದ ಮೇಲೆ ತೆಗೆದು ಕೊಟ್ಟರು. ಕಾಗದಕ್ಕೆ ಅದರದ್ದೇ ಬೆಳಕಿಲ್ಲ. ಇವರು ಬಾಗಿಲಿನ ಹತ್ತಿರ ಹಿಡಿದು ನೋಡಿದರು, ಅಂಗಳದಲ್ಲಿ ಹಿಡಿದು ನೋಡಿದರು. ಬೂದಿ ಎರಚಿದ ಹಾಗೆ ಕಾಣುತ್ತದೆ ಎಂದು ತಿರುಗಿ ನನ್ನ ಕೈಗೇ ಕೊಟ್ಟರು.

ಮಳೆ ಹಿಡಿಯಿತು. ಕ್ಯಾಮರಾ ಬರಲಿಲ್ಲ. ಬೈಂದೂರಿನವರು ಬಾಣಂತಿಯನ್ನು ಕರೆದುಕೊಂಡು ಹೋಗಲು ದಿನ ನೋಡಿದರು. ಇವರು ಊಟ ಮಾಡುವಾಗ ತಟ್ಟೆ ಬಿಟ್ಟು ಬರೀ ನೆಲ ತಡವುವುದನ್ನು ನೋಡಿದೆ. ಕೊಳವೆ ಸಣ್ಣದಾಗುತ್ತಿತ್ತು. ಮಗಳು ಹೋಗುವ ಮೊದಲು ಇವರು ಮಗುವನ್ನು ಒಂದು ಸಲ ನೋಡಿಬಿಡಲಿ ಎಂದು ನಾನೇ ಹಟ ಹಿಡಿದು, ಮಗಳು ಮಗು ಇವರು ಮೂವರನ್ನೂ ಬಸ್ಸು ಹತ್ತಿಸಿ ಬ್ರಹ್ಮಾವರದ ಫೋಟೋದವನ ಅಂಗಡಿಗೆ ಹೊರಟೆ. ದಾರಿಯುದ್ದಕ್ಕೂ ಮಳೆ. ಮಗುವನ್ನು ನನ್ನ ಸೆರಗಿನೊಳಗೆ ಕಟ್ಟಿಕೊಂಡಿದ್ದೆ.

ಹುಡುಗ ಒಳ್ಳೆಯವನು. ವಿಷಯ ಕೇಳಿ, ಮಗುವಿನ ಮುಖದ ಹತ್ತಿರ ಹೋಗಿ ಪಟ ತೆಗೆದು, ಬೆಳಕು ಜಾಸ್ತಿ ಮಾಡಿ ಇವರ ಕೈಗೆ ಕೊಟ್ಟ. ಇವರು ಕಣ್ಣಿಗೆ ಹಿಡಿದರು. ತೊಟ್ಟಿಲಿನ ದಿನದ ಹಾಗೆ ಕೂಗಲಿಲ್ಲ. ಕ್ಯಾಮರಾವನ್ನು ಮೆಲ್ಲಗೆ ಮೇಲೆ ಕೆಳಗೆ ಸರಿಸತೊಡಗಿದರು.

"ಹಣಿ ಕಂಡ್ತ್... ಇದ್ ಒಂದ್ ಕಣ್ಣ್... ಇನ್ನೊಂದ್... ಇದ್ ಬಾಯಿ." ನಿಂತರು. "ಹಲ್ಲ್ ಬಂತಾ ಮಗಾ?"

"ಹೌದ್ ಅಪ್ಪಯ್ಯ. ಕೆಳಗಿಂದ್ ಒಂದ್. ಮೊನ್ನೆ ಬಂದದ್ದ್" ಎಂದಳು ಮಗಳು.

"ಕಂಡ್ತ್. ಅಕ್ಕಿ ಕಾಳಷ್ಟ್."

ಇಡೀ ಮುಖ ಒಟ್ಟಿಗೆ ಕಾಣುವ ಕಾಲ ಮುಗಿದಿತ್ತು. ಅಂಗಡಿಗೆ ಬೇರೆ ಗಿರಾಕಿಗಳು ಬಂದರು, ನಿಂತರು, ಹೋದರು. ಆ ಹುಡುಗ ಕ್ಯಾಮರಾ ತಿರುಗಿ ಕೇಳದೆ ಇವರನ್ನು ನೋಡಲು ಬಿಟ್ಟ. ತಿರುಗಿ ಬರುವಾಗ ಬಸ್ಸಿನಲ್ಲಿ ಕುಂದಾಪುರ ಬರುವವರೆಗೂ ಇವರು ಕಣ್ಣು ಮುಚ್ಚಿ ಕೂತಿದ್ದರು. ಇಳಿಯುವ ಹೊತ್ತಿಗೆ, "ಜೋಡ್ಸ್ಕಂಡೆ" ಎಂದರು.

"ಎಂತ?"

"ಮುಖ. ತುಂಡ್ ತುಂಡ್ ಕಂಡದ್ದ್. ದಾರಿಯಗೆ ಕೂಕಂಡ್ ಜೋಡ್ಸಿದೆ. ಈಗ ಸಮಾ ಆಯ್ತ್."

ಮಗಳು ಮಗುವನ್ನು ಎತ್ತಿಕೊಂಡು ಬೈಂದೂರಿಗೆ ಹೋದಳು. ಮನೆ ಖಾಲಿಯಾಯಿತು. ಪಡುವಣ ಕಿಟಕಿಯನ್ನು ಈಗ ಯಾರೂ ಮುಚ್ಚೆನ್ನುತ್ತಿರಲಿಲ್ಲ. ಹನಿ ಔಷಧ ಬಿಡುತ್ತಲೇ ಇದ್ದೆವು. ಮಳೆ ಕಡಿಮೆಯಾಗುವಷ್ಟರಲ್ಲಿ, ಒಂದು ದಿನ ಹಗಲಿನಲ್ಲೇ, ಹೊರಗೆ ಮೋಡ ತುಂಬಾ ಇದೆಯೋ ಎಂದು ಕೇಳಿದರು. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಮೋಡ ಇದೆ ಎಂದೆ.

ಅದಾದ ಮೇಲೆ ಬಂತು ಕ್ಯಾಮರಾ. ಅಂಗಡಿಯವರೇ ಮನೆಗೆ ತಂದು ಕೊಟ್ಟರು, ಪಾಪ. ಇವರು ಗುಂಡಿ ಹುಡುಕಿ ಒತ್ತಿದರು. ಸರ್ರೆಂದು ಕುತ್ತಿಗೆ ಹೊರಗೆ ಬಂತು. ಎಲ್ಲೂ ತಡೆಯಲಿಲ್ಲ. ಕಿವಿಗೊಟ್ಟು ಕೇಳಿ, ತೃಪ್ತಿಯಿಂದ ತಲೆದೂಗಿ, ಕಣ್ಣಿನ ಹತ್ತಿರ ಹಿಡಿದರು. ಮೇಲೆ ಸರಿಸಿದರು, ಕೆಳಗೆ ಸರಿಸಿದರು.

"ಹೆಣೆ, ಬೆಳಕ್ ಬಂತಾ ಇದ್ರಗೆ?"

"ಬಂತ್."

"ಶಿಶು ಇತ್ತಾ?"

"ಇತ್ತ್. ನಗ್ಯಾಡ್ತಿತ್ತ್."

"ಹೌದಾ" ಎಂದು ನನ್ನ ಕೈಗೆ ಕೊಟ್ಟರು. ಅಂಗಡಿಯವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ಆಮೇಲಿಂದ ಆ ಪಟಗಳನ್ನು ಹೇಳುವ ಕೆಲಸ ನನ್ನದಾಯಿತು. ಮನೆಬಾಗಿಲಲ್ಲಿ ನಿಂತು, ಕಣ್ಣು ಕಾಣಿ, ಕಿವಿರು ಕಾಣಿ, ಹ್ಯಾಂಗೆ ಹೊಳೀತ್ ಕಾಣಿ ಎಂದು ಮೀನು ಮಾರಿದ ಬಾಯಿ ನನ್ನದು. ಹೊಗಳಲು ಬರುತ್ತಿತ್ತು. ಅವರು ಒಪ್ಪಬೇಕಲ್ಲ. "ಇದ್ ಬಸ್ರೂರಲ್ಲ, ನಿನ್ ಮೀನ್ ಇದಲ್ಲ. ಇದ್ದಂಗೆ ಹೇಳ್" ಎನ್ನುತ್ತಿದ್ದರು. ಕ್ಯಾಮರಾದ ಮೇಲಿದ್ದ ಅನುಮಾನ ಈಗ ನನ್ನ ಮೇಲೆ ಬಂತು. ಇವತ್ತು ಹೇಳಿದ ಪಟವನ್ನೇ ನಾಲ್ಕು ದಿನ ಬಿಟ್ಟು ಮತ್ತೆ ಹೇಳಿಸುವರು. ಮೊದಲು ಎಡಗೈ ಬಾಯಲ್ಲಿ ಎಂದಿದ್ದು, ಈಗ ಬಲಗೈ ಎಂದರೆ ಮುಗಿಯಿತು. "ಯಾವ್ದ್ ಸುಳ್ಳ್?" ನಾನು ಸಿಟ್ಟು ಬಂದು ಕ್ಯಾಮರಾ ಮುಚ್ಚಿಡುತ್ತಿದ್ದೆ. ಮತ್ತೆ ನಾನೇ ತೆಗೆಯುತ್ತಿದ್ದೆ. ಅವರು ಕೇಳದ ದಿನ ನನಗೆ ಹೆದರಿಕೆಯಾಗುತ್ತಿತ್ತು.

ಮೊಮ್ಮಗಳು ಅಲ್ಲಿ ಬೈಂದೂರಿನಲ್ಲಿ ಬೆಳೆಯುತ್ತಿದ್ದಳು. ಹಬ್ಬಹರಿದಿನಕ್ಕೆ ತಾಯಿಯ ಜೊತೆ ಬರುವಳು. ಬಂದರೆ ಸಾಕು, ನನ್ನ ಮನೆಯ ಪಾತ್ರೆಪಗಡಗಳಿಗೆಲ್ಲ ಜೀವ ಬಂದ ಹಾಗೆ. ಓಡುತ್ತಾಳೆ, ಬೀಳುತ್ತಾಳೆ, ಹಾಡುತ್ತಾಳೆ, ಕಡಲನ್ನು ಕಂಡರೆ ಚಪ್ಪಾಳೆ. ಮುಖ ಉದ್ದವಾಗಿ, ಕೆನ್ನೆ ಇಳಿದು, ಬೇರೆಯೇ ಹುಡುಗಿಯಾಗಿದ್ದಳು. ನಾನು ಅದನ್ನು ಅವರಿಗೆ ಹೇಳಿರಲಿಲ್ಲ. ಜೋಡಿಸಿ ಇಟ್ಟುಕೊಂಡದ್ದನ್ನು ನಾನು ಯಾಕೆ ಬಿಚ್ಚಲಿ?

ಅವಳಿಗೆ ಮೂರು ತುಂಬಿದ ಮೇಲೆ ಒಂದು ಮಧ್ಯಾಹ್ನ, ಅಜ್ಜನ ತೊಡೆ ಹತ್ತಿ ಕೂತಳು. ಕ್ಯಾಮರಾ ಬೇಕೆಂದು ಹಟ ಮಾಡಿದಳು. ಅವರು ತಾವೇ ಗುಂಡಿ ಒತ್ತಿ ಕೊಟ್ಟರು. ಬೆಳಕು ಬಂತು. ಹಲ್ಲಿಲ್ಲದ ಬಾಯಿ ತೆರೆದು ನಗುವ ಮಗು ಕಂಡಿತು.

"ಅಜ್ಜ, ಇದ್ ಯಾರ್?"

"ಅದಾ? ಅದ್ ನನ್ ಮೊಮ್ಮಗಳ್" ಎಂದರು ಹೆಮ್ಮೆಯಿಂದ.

ಅವಳು ಪಟವನ್ನು ನೋಡಿದಳು, ಅಜ್ಜನನ್ನು ನೋಡಿದಳು. ತುಟಿ ಮುಂದೆ ಬಂತು.

"ಹಂಗಾರೆ ನಾ ಯಾರ್?"

ನಾನು ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದೆ. ಏನಾದರೂ ಹೇಳಿ ನಗಿಸಿಬಿಡಲೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕ್ಯಾಮರಾವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಚಾಪೆಯ ಮೇಲಿಟ್ಟರು. ಎರಡೂ ಕೈಗಳನ್ನು ಬೈರಾಸಿಗೆ ಒರೆಸಿಕೊಂಡು ಅವಳ ತಲೆಯ ಮೇಲೆ ಇಟ್ಟರು. ಬಲೆಯ ಕಣ್ಣು ಕಣ್ಣು ತಡವಿ ಹರಿದದ್ದನ್ನು ಹುಡುಕುವ ಬೆರಳುಗಳು ಅವು. ಕೂದಲಿನಿಂದ ಹಣೆಗೆ ಇಳಿದವು. ಹುಬ್ಬಿನ ಮೇಲೆ ನಿಂತವು. ಅವಳಿಗೆ ಕಚಗುಳಿಯಾಗಿ ನುಲಿದಳು.

"ಒಂಚೂರ್ ನಿಲ್ಲ್ ಮಗಾ. ಅಜ್ಜ ನಿನ್ನ್ ಕಾಂಬುಕಿತ್ತ್."

"ಆಯ್ತಾ ಅಜ್ಜ?"

"ಇಲ್ಲೆ."

ಅವಳು ಕಣ್ಣು ಮುಚ್ಚಿ, ಉಸಿರು ಹಿಡಿದು ಕೂತಳು. ಬೆರಳುಗಳು ರೆಪ್ಪೆ ದಾಟಿ, ಮೂಗಿನ ಬದಿಯಿಂದ ಕೆನ್ನೆಗೆ ಬಂದವು. ಅಲ್ಲಿ ಉಬ್ಬಿದ ಕೆನ್ನೆ ಇರಲಿಲ್ಲ. ಅವರು ಕೈ ಹಿಂದೆ ತೆಗೆದರು. ಮತ್ತೆ ಮೊದಲಿನಿಂದ, ಕೂದಲಿನಿಂದ ಶುರು ಮಾಡಿದರು.

"ಆಯ್ತಾ ಅಜ್ಜ ಈಗ?"

"ಇಲ್ಲೆ ಮಗಾ" ಎಂದರು. "ಇನ್ನೂ ಹಣಿಯಗೇ ಇದ್ದೆ."